ಬೆನ್ನಿರುವ ನಿಲುವಂಗಿ

ಸತ್ತವರ ನಿಲುವಂಗಿಗೆ ಬೆನ್ನು ಹೊಲಿಯುವ ಪದ್ಧತಿ ಆ ದರ್ಜಿ ಹೆಂಗಸಿನ ಅಂಗಡಿಯಲ್ಲಿರಲಿಲ್ಲ. ಮಲಗಿದವರ ಬೆನ್ನನ್ನು ಯಾರು ನೋಡುತ್ತಾರೆ? ಮುಂಭಾಗ, ಎರಡು ತೋಳು, ಕತ್ತಿನ ಹಿಂದೆ ಕಟ್ಟಲು ಒಂದು ಲಾಡಿ. ಅಷ್ಟಿದ್ದರೆ ಸೆಟೆದ ಮೈಗೂ ಸಲೀಸಾಗಿ ತೊಡಿಸಬಹುದು. ಶವಪೆಟ್ಟಿಗೆ ಮಾಡುವ ಪೆಟ್ಟಿಗೆಯಣ್ಣ ಅವಳಿಂದಲೇ ಅವನ್ನು ಒಯ್ಯುತ್ತಿದ್ದ. ಆ ಕೆಲಸಕ್ಕೆ ಅವಳ ಕೈ ಎಷ್ಟು ಪಳಗಿತ್ತೆಂದರೆ, ಸ್ವಂತ ಅಕ್ಕ ತನಗೊಂದು ಬಿಳಿ ನಿಲುವಂಗಿ ಬೇಕೆಂದಾಗಲೂ ಕತ್ತರಿ ತಾನಾಗಿ ಮುಂಭಾಗಕ್ಕೇ ನಿಂತಿತು.

ಅಕ್ಕನ ಶ್ವಾಸಕೋಶ ಕೈಕೊಟ್ಟಿತ್ತು. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು ಡಾಕ್ಟರು. ದಿಂಬಿಗೊರಗಿ ಅಂಗಿಯನ್ನು ತಿರುವಿ ನೋಡಿದವಳು ಕೆಮ್ಮಿನ ನಡುವೆಯೇ ನಕ್ಕಳು.

"ಇದೇನೇ, ನನ್ನನ್ನ ಆಗ್ಲೇ ಪೆಟ್ಟಿಗೇಲಿ ಮಲಗಿಸಿಬಿಟ್ಯಲ್ಲೇ!"

ದರ್ಜಿಯ ಮುಖ ಕಪ್ಪಿಟ್ಟಿತು. "ಅಭ್ಯಾಸ ಬಲ ಅಕ್ಕ..."

"ಇರ್ಲಿ, ಬೆನ್ನು ಹಾಕಿ ಕೊಡು. ನಾನು ಕಡೇ ದಿನ ಏಳೋಳು ಕಣೆ. ಎದ್ದಾಗ ಹಿಂದೆಲ್ಲ ಬರೀ ಮೈ ಇದ್ರೆ ದೇವರ ಮುಂದೆ ಮಾನ ಹೋಗಲ್ವಾ?"

ತಮಾಷೆಗೆ ಹೇಳಿದ್ದು. ಆದರೆ ದರ್ಜಿಗೆ ಅದು ತಮಾಷೆಯಾಗಿ ಕೇಳಿಸಲಿಲ್ಲ. ಸತ್ತ ತನ್ನ ಪುಟ್ಟ ಮಗಳಿಗೂ ಅವಳೇ ನಿಲುವಂಗಿ ಹೊಲಿದಿದ್ದಳು. ಮೊಳಕ್ಕಿಂತ ತುಸು ಉದ್ದದ್ದು, ಬೆನ್ನಿಲ್ಲದ್ದು. ಮಣ್ಣು ಮುಚ್ಚಿದ ದಿನದಿಂದ ಪ್ರಾರ್ಥನೆಯ ಕಡೆ ತಲೆ ಹಾಕಿರಲಿಲ್ಲ.

"ಹಂಗಾದ್ರೆ ನನ್ನ ಕೂಸು?" ಎಂದಳು. "ಅದು ಏಳೋದು ಬೇಡ್ವಾ?"

ಅಕ್ಕನ ನಗು ಇಂಗಿಹೋಯಿತು. ತಂಗಿಯ ಮಣಿಕಟ್ಟು ಹಿಡಿದು, ಉಸಿರು ಕೂಡಿಸಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡಳು.

"ನನ್ನ ನಾಲಿಗೆಗೆ ಬೆಂಕಿ ಹಾಕ! ಯೇಸು ಬಟ್ಟೆ ನೋಡಿ ಎಬ್ಬಿಸಲ್ಲ ಕಣೆ, ಮಗೂನ ಹೆಸರು ಹಿಡಿದು ಕರೀತಾನೆ. ಈ ಅಂಗಿ ಬೇಕಾಗಿರೋದು ಈಗ, ಬದುಕಿರೋವಾಗ ಹಾಕ್ಕೊಳ್ಳೋಕೆ. ನಿತ್ಯಜೀವ ಅಂದ್ರೆ ಸತ್ತ ಮೇಲೆ ಬಾಗಿಲು ತೆಗೆಯೋ ಅಂಗಡಿ ಅಂದ್ಕೊಂಡಿದ್ದೀಯಾ? ಅದು ಆಗ್ಲೇ ಶುರುವಾಗಿದೆ. ಸಮೃದ್ಧಿಯಾಗಿ ಜೀವ ಕೊಡೋಕೆ ಬಂದವನು ಅವನು. ಇಷ್ಟು ಉಸಿರಲ್ಲೂ ನಂಗೆ ಸಾಕಾಗಿ ಮಿಕ್ಕಿದೆ. ನೀನೇ, ಗಟ್ಟಿಮುಟ್ಟಾಗಿದ್ದೂ, ಬದುಕನ್ನ ಮುಂಭಾಗ ಮಾತ್ರ ಹೊಲ್ಕೊಂಡು ಕೂತಿದ್ದೀಯ."

"ನಂಗೆ ನಂಬಿಕೆ ಬರಲ್ಲ ಅಕ್ಕ."

"ನಂಬು ಅಂದ್ನಾ? ಬೆನ್ನು ಹೊಲಿ ಅಂದೆ. ಚಳಿ ಆಗ್ತಿದೆ."

ದರ್ಜಿ ಹೊಲಿದಳು. ಅಕ್ಕ ಅದನ್ನು ತೊಟ್ಟು ಕಿಟಕಿಯ ಬಳಿ ಕೂತಳು, ದಾರಿಹೋಕರ ನಡಿಗೆ ಅಣಕಿಸಿ ನಕ್ಕಳು, ಹಾಲು ಚೆಲ್ಲಿಕೊಂಡಳು, ರಕ್ತ ಕೆಮ್ಮಿದಳು. ಒಗೆದು ಹಾಕಿದ ಅಂಗಿ ತಂತಿಯ ಮೇಲೆ ಇನ್ನೂ ಒಣಗುತ್ತಿದ್ದಾಗಲೇ ಉಸಿರು ನಿಂತಿತು. ಸುಲಭದ ಸಾವೇನಲ್ಲ. ಬಾಯಿ ತೆರೆದೇ ಇತ್ತು, ಬೆರಳುಗಳು ಹೊದಿಕೆಯನ್ನು ಗಟ್ಟಿಯಾಗಿ ಹಿಡಿದಿದ್ದವು.

ಪೆಟ್ಟಿಗೆಯಣ್ಣ ಬರುವಷ್ಟರಲ್ಲಿ ಮೈ ಸೆಟೆದಿತ್ತು. ಇಸ್ತ್ರಿ ಮಾಡಿದ ಅಂಗಿ ತಲೆಯಿಂದ ಕೆಳಗಿಳಿಯಲಿಲ್ಲ, ಅಕ್ಕನ ಕೈಗಳು ಮಡಚಲಿಲ್ಲ. ಅವನು ಮೆಲ್ಲಗೆ ಕತ್ತರಿ ಚಾಚಿದ.

"ಅಂಗಿ ಬೆನ್ನು ಸೀಳಿಬಿಡಮ್ಮ. ನಿಂಗೆ ಗೊತ್ತಿಲ್ದಿರೋದಾ? ಯಾರಿಗೂ ಕಾಣಲ್ಲ."

ಅವಳು ಕತ್ತರಿ ತೆಗೆದುಕೊಂಡಳು. ನಂಬಿಕೆಯೇನೂ ಬಂದಿರಲಿಲ್ಲ, ಎದೆಯೊಳಗೆ ಹಳೆಯ ಕತ್ತಲೆಯೇ ಇತ್ತು. ಆದರೂ ಬಟ್ಟೆಯ ಮೇಲಿಟ್ಟ ಕತ್ತರಿಯನ್ನು ಒತ್ತಲು ಕೈ ಬರಲಿಲ್ಲ. ಅದನ್ನು ಪಕ್ಕಕ್ಕಿಟ್ಟು, ಸೆಟೆತ ಸಡಿಲವಾಗಲೆಂದು ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಅಕ್ಕನ ಭುಜವನ್ನು ಉಜ್ಜತೊಡಗಿದಳು.

"ತುಂಬ ಹೊತ್ತಾಗುತ್ತೆ," ಎಂದ ಅವನು.

"ಆಗ್ಲಿ ಬಿಡಣ್ಣ. ಆ ಕಡೆ ಹಿಡ್ಕೊ. ಮೊದ್ಲು ಎತ್ತಿ ಕೂರಿಸೋಣ."