ರಕ್ಷಣೆಯ ಪಾಠ

ಮೆಟ್ಟಿಲ ಮೇಲೆ ಹಾನುಸ್‌ನ ಬೂಟಿನ ಸದ್ದು ಕೇಳಿದ್ದೇ ಸುನ್ವಾ ಕೈಯಲ್ಲಿದ್ದ ಪುಸ್ತಕವನ್ನು ಮುಚ್ಚಿ, ಮೇಜಿನ ಕೆಳಗಿದ್ದ ರಟ್ಟಿನ ಪೆಟ್ಟಿಗೆಗೆ ತುರುಕಿದಳು. ಎಸೆಯಬೇಕೆಂದು ತೆಗೆದಿಟ್ಟ ಹಳೆಯ ಪುಸ್ತಕಗಳ ಪೆಟ್ಟಿಗೆ ಅದು. ಅವುಗಳ ನಡುವೆ ಹೊಸ ಪುಸ್ತಕದ ಕಿತ್ತಳೆ ಬಣ್ಣ ಎದ್ದು ಕಾಣುತ್ತಿತ್ತು. ಕಾಲಿನಿಂದಲೇ ಪೆಟ್ಟಿಗೆಯನ್ನು ಇನ್ನಷ್ಟು ಒಳಗೆ ನೂಕಿದಳು.

"ಬಂತಾ ಪಾರ್ಸೆಲ್ಲು?" ಹಾನುಸ್ ಬಾಗಿಲಲ್ಲೇ ನಿಂತು ಕೇಳಿದ. "ಹಡಗಿಂದ ಇಳಿಸಿದ್ರು ಅಂತ ಮಾಲಾನ್ ಹೇಳ್ತಿದ್ಲು."

"ಬಂದಿದೆ. ಎಂಜಿನ್ ಪಾಠದ್ದು, ಹವಾಮಾನದ್ದು. ನಿನ್ನ ರಕ್ಷಣೆ ಪಾಠದ್ದು ಇನ್ನೂ ಬಂದಿಲ್ಲ."

"ಇರ್ಲಿ ಬಿಡು, ಅವಸರ ಏನಿಲ್ಲ" ಎಂದು ಅವನು ಇಳಿದುಹೋದ. ಆ ದನಿಯಲ್ಲಿ ಒಂದು ಬಗೆಯ ನೆಮ್ಮದಿ ಇದ್ದಂತೆ ಸುನ್ವಾಳಿಗೆ ಅನಿಸಿತು. ಆದರೆ ಬೂಟಿನ ಸದ್ದು ಕೆಳಗೆ ಅಡಗುವವರೆಗೂ ಅವಳಿಗೆ ಬೇರೇನೂ ಯೋಚಿಸಲಾಗಲಿಲ್ಲ.

ಫರೋ ದ್ವೀಪಗಳ ಉತ್ತರದ ಕೊಲ್ಲಿಯಲ್ಲಿ, ಮೀನುಗಾರಿಕೆ ಹಡಗುಗಳಿಗೆ ಹೋಗುವ ಹುಡುಗ ಹುಡುಗಿಯರಿಗೆ ಕಲಿಸುವ ಸಣ್ಣ ಕಾಲೇಜು ಅದು. ಗ್ರಂಥಾಲಯವೆಂದರೆ ಮಹಡಿಯ ಮೇಲಿನ ಒಂದು ಕೋಣೆ. ಪ್ರಾಂಶುಪಾಲೆ ಮಾಲಾನ್ ಬೇಸಿಗೆಯಲ್ಲಿ ಕಪಾಟುಗಳನ್ನು ನೋಡಿ, "ಇದನ್ನೆಲ್ಲ ಓದ್ಕೊಂಡೋರು ಹಾಯಿದೋಣಿ ಓಡಿಸ್ಬೋದು ಅಷ್ಟೆ. ಎಲ್ಲಾ ತೆಗಿ ಸುನ್ವಾ, ಹೊಸದು ತರ್ಸು" ಎಂದಿದ್ದಳು. ಹೊಸ ಪಠ್ಯ ಈ ಶರತ್ಕಾಲದಿಂದಲೇ ಶುರು. ಗ್ರಂಥಪಾಲಕಿ ಸುನ್ವಾಳದ್ದು ಓದದೆ ಯಾವ ಪುಸ್ತಕವನ್ನೂ ಕಪಾಟಿಗೆ ಏರಿಸದ ಅಭ್ಯಾಸ. "ಎಂಜಿನ್ ರಿಪೇರಿಗೆ ಯಾವಾಗ ಬರ್ತೀಯೆ?" ಎಂದು ಮೇಷ್ಟ್ರುಗಳೆಲ್ಲ ರೇಗಿಸುತ್ತಿದ್ದರು.

ಬಚ್ಚಿಟ್ಟ ರಕ್ಷಣೆ ಪುಸ್ತಕದ ಆ ಪುಟವನ್ನು ಓದಿದ್ದೂ ಹಾಗೆಯೇ. ತಣ್ಣೀರಿನಲ್ಲಿ ಬಿದ್ದವನನ್ನು ಮಲಗಿಸಿದಂತೆಯೇ ಎತ್ತಬೇಕು. ನಿಲ್ಲಿಸಬಾರದು, ನಡೆಸಬಾರದು, ಕೈಕಾಲು ತಿಕ್ಕಬಾರದು, ಹೆಂಡ ಕುಡಿಸಬಾರದು. ಹಾಗೆ ಮಾಡಿದರೆ ಮಾತಾಡುತ್ತಿದ್ದವನ ಎದೆಬಡಿತವೂ ಇದ್ದಕ್ಕಿದ್ದಂತೆ ನಿಂತುಹೋಗಬಹುದು.

ವರ್ಷಗಳ ಹಿಂದೆ ಅವಳ ಗಂಡ ರೋಯಿ ದೋಣಿಯಿಂದ ಸಮುದ್ರಕ್ಕೆ ಬಿದ್ದಾಗ ಕೊಕ್ಕೆ ಹಾಕಿ ಎಳೆದು ಮೇಲೆತ್ತಿದವನು ಹಾನುಸ್. ಆಗ ಅವನೇ ದೋಣಿಯ ನಾಯಕ. ಮಣ್ಣಾದ ಮೇಲೆ ಅವಳ ಅಡುಗೆಮನೆಯಲ್ಲಿ ಕೂತು ಎಲ್ಲವನ್ನೂ ಹೇಳಿದ್ದ. ರೋಯಿಯನ್ನು ಡೆಕ್ಕಿನ ಮೇಲೆ ನಿಲ್ಲಿಸಿದ್ದು, ಇಬ್ಬರು ಹೆಗಲು ಕೊಟ್ಟು ಕ್ಯಾಬಿನ್‌ವರೆಗೆ ನಡೆಸಿದ್ದು, ಅಂಗಾಲು ತಿಕ್ಕಿದ್ದು, ಬ್ರಾಂಡಿ ಕುಡಿಸಿದ್ದು. "ನಕ್ಕ ಕಣೆ, ಕಾಫಿ ಕೇಳ್ದ. ಆಮೇಲೆ ಹಾಗೇ ಕುಸಿದ." ಒಬ್ಬ ಮನುಷ್ಯ ಮಾಡಬಹುದಾದ್ದನ್ನೆಲ್ಲ ಹಾನುಸ್ ಮಾಡಿದ ಎಂದು ಊರೇ ಹೇಳಿತ್ತು. ಅವಳೂ ಹೇಳಿದ್ದಳು. ಈಗ ಎಸೆಯಬೇಕಾಗಿದ್ದ ರಕ್ಷಣೆ ಪಾಠದ ಹಳೆಯ ಪುಸ್ತಕವೂ ತಿಕ್ಕು, ಬ್ರಾಂಡಿ ಕೊಡು ಎಂದೇ ಹೇಳುತ್ತಿತ್ತು.

ಇನ್ನು ಕೆಲವೇ ದಿನಗಳಲ್ಲಿ ಹಾನುಸ್ ತರಗತಿಯ ಮುಂದೆ ನಿಂತು ಆ ಪುಟ ತೆರೆಯುತ್ತಾನೆ. ಆಮೇಲೆ ಏನು ಮಾಡಿಕೊಳ್ಳುತ್ತಾನೋ? ದೋಣಿ ಬಿಟ್ಟವನು, ದೋಣಿಗಳು ನಿಲ್ಲುವ ಧಕ್ಕೆಯ ಪಕ್ಕದ ಮನೆಯಲ್ಲಿ ಒಬ್ಬನೇ ಇರುವವನು. ಸಂಜೆ ಧಕ್ಕೆಯ ಕಡೆ ನೋಡಲೂ ಅವಳಿಗೆ ಧೈರ್ಯವಾಗಲಿಲ್ಲ. ಅದಕ್ಕಿಂತ ದೊಡ್ಡ ಭಯ ತನ್ನ ಬಾಯಿಯದು. ಅವನು ಎದುರು ಬಂದರೆ, 'ನೀನೇ' ಎಂಬ ಮಾತು ಎಲ್ಲಿ ಹೊರಬೀಳುತ್ತದೋ ಎಂದು ಹಲ್ಲು ಕಚ್ಚಿಕೊಂಡೇ ಓಡಾಡಿದಳು.

ಮರುದಿನ ಕಿಟಕಿಗೆ ಮಂಜು ಕವಿದಿದ್ದಾಗ ಅವನೇ ಬಂದ. ಕುರ್ಚಿ ಎಳೆದುಕೊಂಡು ಕೂತ.

"ಪುಸ್ತಕ ಬಂದಿದೆಯಂತೆ. ಮಾಲಾನ್ ಕಣ್ಣಾರೆ ನೋಡಿದಾಳೆ."

ಅವಳ ಕಾಲು ಮೇಜಿನ ಕೆಳಗಿನ ಪೆಟ್ಟಿಗೆಗೆ ತಗುಲಿತು.

"ಓದಿದ್ಯಾ?"

"ಓದ್ದೆ."

"ಆ ಪುಟಾನೂ?"

ಸುನ್ವಾ ತಲೆಯೆತ್ತಿದಳು. "ಯಾವ ಪುಟ ಅಂತ ನಿಂಗೆ ಹೇಗೆ ಗೊತ್ತು?"

ಹಾನುಸ್ ತನ್ನ ಅಂಗೈಗಳನ್ನೇ ನೋಡುತ್ತ ಹೇಳಿದ. "ದೋಣಿ ಬಿಟ್ಮೇಲೆ ಡೆನ್ಮಾರ್ಕಿಗೆ ತರಬೇತಿಗೆ ಹೋಗಿದ್ನಲ್ಲ, ಅಲ್ಲೇ ಹೇಳಿದ್ರು. ಆವತ್ತಿಂದ ಹುಡುಗ್ರಿಗೆ ಸರಿಯಾದ್ದನ್ನೇ ಹೇಳ್ಕೊಡ್ತಿದೀನಿ, ಬರೀ ಬಾಯಲ್ಲಿ. ಪುಸ್ತಕ ತರ್ಸೋದು ಬೇಡ ಅಂತ ಮಾಲಾನ್ ಹತ್ರ ಪ್ರತಿ ವರ್ಷ ಜಗಳ ಆಡ್ತಿದ್ದೆ. ಬಂದ್ರೆ ನೀನು ಓದ್ತೀಯ ಅಂತ."

"ಇಷ್ಟು ವರ್ಷ ನನ್ ಮನೇಲಿ ಕೂತು ಊಟ ಮಾಡಿದೀಯ."

"ಹೂಂ."

"ಒಂದು ಮಾತು ಹೇಳ್ಲಿಲ್ಲ."

"ಹೆದ್ರಿಕೆ ಕಣೆ. ಸಮುದ್ರಕ್ಕೂ ನಾನು ಅಷ್ಟು ಹೆದರ್ದೋನಲ್ಲ."

ಕೇಳಬಾರದು ಎಂದುಕೊಂಡಿದ್ದನ್ನು ಕೇಳಿಯೇಬಿಟ್ಟಳು.

"ಅವನು ಬದುಕ್ತಿದ್ನಾ?"

ಹಾನುಸ್ ಮಂಜು ಕವಿದ ಕಿಟಕಿಯತ್ತ ತಿರುಗಿದ. "ಬದುಕ್ತಿದ್ನೇನೋ. ಗೊತ್ತಿಲ್ಲ ಸುನ್ವಾ. ದೇವ್ರಾಣೆ ಗೊತ್ತಿಲ್ಲ."

ಅವಳು ಬಗ್ಗಿ ಪುಸ್ತಕವನ್ನು ತೆಗೆದಳು. ಕಾಲೇಜಿನ ಮುದ್ರೆ ಒತ್ತಿ, ಬೆನ್ನಿಗೆ ಸಂಖ್ಯೆಯ ಚೀಟಿ ಅಂಟಿಸಿದಳು. ಅದು ಸೊಟ್ಟಗೆ ಕೂತಿತು. ಅವನ ಮುಂದೆ ಇಟ್ಟಳು.

"ಇನ್ಮೇಲೆ ಬರೀ ಬಾಯಲ್ಲಿ ಬೇಡ. ಇದನ್ನ ತೆರೆದು ಓದು. ರೋಯಿ ಹೆಸ್ರು ಹೇಳಿ ಓದು."

"ನನ್ ಕೈಲಿ ಆಗಲ್ಲ ಕಣೆ."

"ನಾನೂ ಬಂದು ಕೂತ್ಕೋತೀನಿ."

ಕರುಣೆಗೆ ಹಾಗೆಂದಳೋ ಶಿಕ್ಷೆಗೋ, ಅವಳಿಗೇ ತಿಳಿಯಲಿಲ್ಲ. ತರಗತಿಯ ದಿನದವರೆಗೂ ಅವನು ಮಹಡಿ ಹತ್ತಲಿಲ್ಲ. ಪ್ರತಿದಿನ ಬೆಳಿಗ್ಗೆ ಅವನ ಮನೆಯ ಹೊಗೆಗೂಡಿನಲ್ಲಿ ಹೊಗೆ ಕಂಡ ಮೇಲೆಯೇ ಅವಳು ಕಾಲೇಜಿನ ದಾರಿ ಹಿಡಿಯುತ್ತಿದ್ದಳು.

ಆ ದಿನ ಸುನ್ವಾ ಹಿಂದಿನ ಬೆಂಚಿನಲ್ಲಿ ಕೂತಳು; ಹಾನುಸ್ ನಿಂತೇ ಓದಿದ. ನಡುವೆ ರೋಯಿಯ ಹೆಸರು ಹೇಳುವಾಗ ಸಾಲು ತಪ್ಪಿತು. ಒಮ್ಮೆ ಕೆಮ್ಮಿ ಮತ್ತೆ ಅಲ್ಲಿಂದಲೇ ಓದಿದ. ಆಮೇಲೆ ಒಬ್ಬ ಹುಡುಗಿಯನ್ನು ನೆಲದ ಮೇಲೆ ಮಲಗಿಸಿ, ಉಳಿದವರನ್ನು ಅಕ್ಕಪಕ್ಕ ಮಂಡಿಯೂರಿಸಿ, ತಾನು ಅವಳ ಕತ್ತಿನ ಕೆಳಗೆ ಅಂಗೈ ಹರಡಿದ. ನಗುತ್ತಿದ್ದ ಹುಡುಗಿ ಅವನ ಮುಖ ನೋಡಿ ಸುಮ್ಮನಾದಳು.

"ಮೆಲ್ಲಗೆ. ಎಲ್ಲರೂ ಒಟ್ಟಿಗೆ."

ಹುಡುಗಿ ಅವರ ಕೈಗಳ ಮೇಲೆ ಮಲಗಿದಂತೆಯೇ ನೆಲದಿಂದ ಮೇಲಕ್ಕೆ ಬಂದಳು. ಸಣ್ಣ ಸಣ್ಣ ಹೆಜ್ಜೆಯಿಡುತ್ತ ಅವರೆಲ್ಲ ಕೋಣೆಯ ಉದ್ದಕ್ಕೆ ಬರತೊಡಗಿದರು. ಅವಳ ತಲೆ ಹಿಡಿದ ಹಾನುಸ್ ಹಿಂದುಹಿಂದಕ್ಕೆ ನಡೆಯುತ್ತಿದ್ದ. ಸುನ್ವಾ ಎದ್ದು, ತಾನು ಕೂತಿದ್ದ ಬೆಂಚನ್ನು ಅವನ ದಾರಿಯಿಂದ ಪಕ್ಕಕ್ಕೆ ಎಳೆದಳು.