ಲಿಯೊಂತಿನಾಗೊಂದು ಕುರ್ಚಿ

ಆಂಗೆಲ್ ಕುರ್ಚಿಯ ಕೈಗೆ ಕೊನೆಯ ಬೆಣೆ ಬಡಿಯುತ್ತಿದ್ದಾಗ ಅವನ ಅಕ್ಕ ವೆತೂರಿಯಾ ಸೌದೆ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತಳು. ತಲೆಗೆ ಕರಿವಸ್ತ್ರ ಕಟ್ಟಿದ್ದಳು. ಕೈಯಲ್ಲಿ ಜನರಿಗೆ ಹಂಚಬೇಕಾದ ಮೇಣದ ಬತ್ತಿಗಳ ಕಟ್ಟು ಇತ್ತು.

"ಹೆಣ ಮನೇಲಿಟ್ಕೊಂಡು ಯಾರಾದ್ರೂ ಸುತ್ತಿಗೆ ಬಡೀತಾರೇನೋ? ಪಾದ್ರಿಗಳು ಬಂದಾಯ್ತು. ಎಲ್ಲಾರೂ ನಿನ್ನ ಹುಡುಕ್ತಿದಾರೆ."

ಮೊಳೆ ಹೊಡೆಯುತ್ತಿಲ್ಲ, ಮರಕ್ಕೆ ಮರ ಕೂರಿಸುತ್ತಿದ್ದೇನೆ ಅಷ್ಟೆ ಎಂದ ಆಂಗೆಲ್. ಅವನು ಮರ ಕೊಯ್ಯುವ ಮಿಲ್ಲಿನಲ್ಲಿ ಜೀವ ತೇದವನು. ಅಟ್ಟದ ಮೇಲೆ ವರ್ಷಗಳಿಂದ ಒಣಗುತ್ತಿದ್ದ ಬೀಚ್ ಮರದ ಹಲಗೆಗಳನ್ನು ಹೆಂಡತಿ ತೀರಿಕೊಂಡ ದಿನವೇ ಇಳಿಸಿದ್ದ. ಲಿಯೊಂತಿನಾ ಒಲೆಯ ಮುಂದೆ ನಿಂತಿದ್ದವಳು ನಿಂತಂತೆಯೇ ಕುಸಿದಿದ್ದಳು. ಅವಳನ್ನು ತೊಳೆದು, ಬಟ್ಟೆ ತೊಡಿಸಿ, ಮುಂದಿನ ಕೋಣೆಯಲ್ಲಿ ಮಲಗಿಸಿ, ಕನ್ನಡಿಗೆ ಬಟ್ಟೆ ಮುಚ್ಚಿದವರೆಲ್ಲ ಹೆಂಗಸರು. ಗಂಡಸಿಗೆ ಮಾಡಲು ಏನೂ ಉಳಿದಿರಲಿಲ್ಲ. ಅವನು ಕೊಟ್ಟಿಗೆ ಹೊಕ್ಕು ಕುರ್ಚಿ ಮಾಡಲು ಕೂತಿದ್ದ.

ಕುರ್ಚಿ ದಾನ ಕೊಡುವುದು ನಲವತ್ತನೇ ದಿನ, ಮೇಜು ಹಾಸಿಗೆಗಳ ಜೊತೆಗೆ, ಇವತ್ತು ಕೋಳಿ, ಬಕೆಟ್ಟು, ಟವೆಲ್ಲು ಇಷ್ಟೇ ಎಂದು ವೆತೂರಿಯಾ ತಿಳಿಹೇಳಿದಳು. ಸಂಪ್ರದಾಯ ಅವಳಿಗೆ ಬಾಯಿಪಾಠ. ಎಷ್ಟೋ ಸಾವು ದಾಟಿಸಿದವಳು.

ಆಂಗೆಲ್ ಬೆಣೆಯ ತುದಿಯನ್ನು ಬೆರಳಿಂದ ಸವರಿದ. "ಅಲ್ಲೀವರೆಗೆ ನಿಂತೇ ಇರಬೇಕೇನಕ್ಕ ಅವಳು?" ಎಂದ.

ವೆತೂರಿಯಾ ಮೇಣದ ಬತ್ತಿಗಳನ್ನು ಕಂಕುಳಿಗೆ ಸಿಕ್ಕಿಸಿ ಕುರ್ಚಿಯ ಒಂದು ಕಡೆ ಹಿಡಿದಳು.

ನಮ್ಮ ಕಡೆ ಸತ್ತವರ ಹೆಸರಲ್ಲಿ ಇಲ್ಲಿ ಏನು ಕೊಡುತ್ತೇವೋ ಅದು ಅವರಿಗೆ ಅಲ್ಲಿ ಸಿಗುತ್ತದೆ. ಕೋಳಿ ಕೊಟ್ಟರೆ ಅದು ಮುಂದೆ ಮುಂದೆ ಹೋಗಿ ದಾರಿಯ ಮುಳ್ಳು ಕೆದಕುತ್ತದೆ. ಬಕೆಟ್ಟು ಕೊಟ್ಟರೆ ಬಾಯಾರಿಕೆ ಇಲ್ಲ. ಆದರೆ ಇಸಿದುಕೊಂಡವರು ಅದನ್ನು ಬಳಸಬೇಕು. ಇಲ್ಲಿ ಯಾರೂ ನೀರು ಕುಡಿಯದ ಬಕೆಟ್ಟು ಅಲ್ಲೂ ಬರಿದೇ. ಕೊಟ್ಟದ್ದನ್ನು ವಾಪಸು ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಸತ್ತವರ ಕೈಯಿಂದ ಕಿತ್ತುಕೊಂಡಂತೆ.

ಕಾಲು ಮುಂದಾಗಿ ಶವಪೆಟ್ಟಿಗೆಯನ್ನು ಹೊಸಿಲು ದಾಟಿಸಿದರು. ಹೊತ್ತವರಲ್ಲಿ ಒಬ್ಬ, ಅರಮನೆಯ ತೋಟದ ಮಾಲಿ, ಮೆಲ್ಲಗೆ ಹೇಳಿದ: "ಇವತ್ತಾದ್ರೂ ಮುಂದಕ್ಕೆ ನೋಡ್ಕೊಂಡು ಹೋಗ್ತಿದಾಳೆ ನೋಡು." ಕೇಳಿದವರು ತುಟಿ ಬಿಗಿಹಿಡಿದರು. ನಗಬಾರದಿತ್ತು.

*

ಬೆಟ್ಟದ ಮೇಲಿನ ಅರಮನೆಯನ್ನು ಬಂದವರಿಗೆ ತೋರಿಸುವುದು ಲಿಯೊಂತಿನಾಳ ಕೆಲಸವಾಗಿತ್ತು. ರಾಜರು ಹೋಗಿ ಎಷ್ಟೋ ಕಾಲವಾಗಿತ್ತು. ಅವರನ್ನು ಕಳಿಸಿದವರೂ ಹೋಗಿದ್ದರು. ಅವಳು ಮಾತ್ರ ಅಲ್ಲೇ ಇದ್ದಳು.

ಗುಂಪುಗಳನ್ನು ಕರೆದೊಯ್ಯುವವರು ಬೇರೆಯೇ ಇದ್ದರು. ಲಿಯೊಂತಿನಾಳಿಗೆ ಬರುತ್ತಿದ್ದುದು ಖಾಸಗಿ ಅತಿಥಿಗಳು. ಇಬ್ಬರೋ ಮೂವರೋ, ಮೊದಲೇ ಹೇಳಿ ಬರುವವರು, ಬೇರೆಯವರಿಗೆ ತೆರೆಯದ ಕೋಣೆಗಳನ್ನು ನೋಡುವವರು. ಹಿಂದೆ ಅವರು ಆಗ ಆಳುತ್ತಿದ್ದ ಪಕ್ಷದ ದೊಡ್ಡವರಾಗಿದ್ದರು, ಆಮೇಲೆ ಹಣವಂತರಾದರು. ಇಬ್ಬರೂ ಒಂದೇ ಥರ ಆಕಳಿಸುತ್ತಾರೆ ಎನ್ನುತ್ತಿದ್ದಳು. ಅಂಥವರಿಗೆ ಬೆನ್ನು ತೋರಿಸಬಾರದು. ಅದಕ್ಕೇ ಅವಳು ಹಿಂದೆ ಹಿಂದೆ ನಡೆಯುತ್ತಿದ್ದಳು. ಮುಖ ಅತಿಥಿಗಳ ಕಡೆ, ಬಾಯಲ್ಲಿ ರಾಣಿಯ ಕತೆ, ಹಿಮ್ಮಡಿಗೆ ಮಾತ್ರ ದಾರಿ ಗೊತ್ತು. ಎಲ್ಲಿ ಹೊಸಿಲಿದೆ, ಎಲ್ಲಿ ಜಮಖಾನದ ಅಂಚು ಎದ್ದಿದೆ ಎಂಬುದೆಲ್ಲ ಹಿಮ್ಮಡಿಯಲ್ಲೇ ಇತ್ತು.

ಹೊತ್ತು ಮುಳುಗುವಾಗ ಮನೆಗೆ ಬಂದು ಬಿಸಿನೀರಿನ ಬೋಗುಣಿಯಲ್ಲಿ ಕಾಲಿಡುತ್ತಿದ್ದಳು. ಕೂರಬಹುದಿತ್ತು. ಆದರೆ ಒಂದು ಕೈಯಲ್ಲಿ ಗೋಡೆ ಹಿಡಿದು, ನಿಂತೇ ಕಾಲು ಅದ್ದುತ್ತಿದ್ದಳು. ಕೂತರೆ ಮತ್ತೆ ಏಳಲಾರೆ, ಅಡುಗೆ ಯಾರು ಮಾಡುತ್ತಾರೆ ಎನ್ನುತ್ತಿದ್ದಳು. ಅದು ದೂರೇನಲ್ಲ. ಹಾಲು ಉಕ್ಕಿತು ಅನ್ನುವ ಹಾಗೆ ಹೇಳುವ ಮಾತು.

*

ಸ್ಮಶಾನ ಹತ್ತಿರದಲ್ಲೇ ಇತ್ತು. ಆದರೂ ಏರು. ಕುರ್ಚಿಯನ್ನು ಆಂಗೆಲ್ ಬೆನ್ನ ಮೇಲೆ ಹೊತ್ತು ಪೆಟ್ಟಿಗೆಯ ಹಿಂದೆ ನಡೆದ. ಯಾರೋ ಕೈಕೊಡಲು ಬಂದರು, ಅವನು ಬೇಡವೆಂದ. ಅಡ್ಡರಸ್ತೆ ಸಿಕ್ಕಲ್ಲೆಲ್ಲ ಮೆರವಣಿಗೆ ನಿಂತು ಪಾದ್ರಿಗಳು ಪ್ರಾರ್ಥಿಸುವಾಗ ಉಳಿದವರು ಬೆವರು ಒರೆಸಿಕೊಂಡರು. ಆಗಲೂ ಅವನು ಕುರ್ಚಿ ಕೆಳಗಿಳಿಸಲಿಲ್ಲ.

ದಾನಗಳನ್ನು ಸಮಾಧಿಯ ಗುಂಡಿಯ ಮೇಲಿಂದ ದಾಟಿಸಿ ಕೊಡಬೇಕು. ಈ ಕಡೆಯಿಂದ ಆಂಗೆಲ್, ಆ ಕಡೆಯಿಂದ ಪಕ್ಕದ ಮನೆಯ ಸವೇತಾ. ಅವಳನ್ನು ಆರಿಸಿದ್ದು ವೆತೂರಿಯಾ. ಹೆಂಗಸಿನ ದಾನ ಅವಳ ವಯಸ್ಸಿನ ಹೆಂಗಸಿಗೇ ಹೋಗಬೇಕು, ಬಡವಳಿಗೆ ಹೋದರೆ ಇನ್ನೂ ಒಳ್ಳೆಯದು. ಸವೇತಾ ಎರಡೂ ಆಗಿದ್ದಳು. ಗಂಡ ಸತ್ತ ಮೇಲೆ ಕಂಡವರ ಹೊಲದಲ್ಲಿ ಆಲೂಗಡ್ಡೆ ಅಗೆದು ಬದುಕಿದವಳು. ಲಿಯೊಂತಿನಾಳನ್ನು ತೊಳೆದದ್ದೂ ಅವಳೇ, ಇವತ್ತಿನ ಊಟಕ್ಕೆ ಬೆಳಗಿನ ಜಾವದಿಂದ ಒಲೆಯ ಮುಂದೆ ನಿಂತದ್ದೂ ಅವಳೇ. ಮೈಯಿಂದ ಇನ್ನೂ ಈರುಳ್ಳಿಯ ವಾಸನೆ ಬರುತ್ತಿತ್ತು.

ಕೋಳಿ ದಾಟಿತು. ಬಕೆಟ್ಟು ದಾಟಿತು. ಕುರ್ಚಿ ದಾಟುವಾಗ ಗುಂಡಿ ತೋಡಿದವರಲ್ಲೊಬ್ಬ, "ಇದೇನು ಕುರ್ಚಿಯೋ ಸಿಂಹಾಸನವೋ?" ಎಂದ. ಅಗಲವಾದ ಕುರ್ಚಿ. ಬೆನ್ನು ಒರಗಲು ಎತ್ತರದ ಹಲಗೆ, ಕೈಯಿಡಲು ದುಂಡಗೆ ಉಜ್ಜಿದ ತೋಳು.

"ಲಿಯೊಂತಿನಾಳ ಹೆಸರಲ್ಲಿ," ಎಂದ ಆಂಗೆಲ್.

"ದೇವರು ಅವಳನ್ನ ಕ್ಷಮಿಸ್ಲಿ," ಎಂದು ಇಸಿದುಕೊಳ್ಳುವವರು ಹೇಳಬೇಕಾದ ಮಾತು ಹೇಳಿ ಸವೇತಾ ಎರಡೂ ಕೈಯಲ್ಲಿ ಇಸಿದುಕೊಂಡಳು. ಅಂಥ ವಸ್ತು ತನ್ನದಾಯಿತೆಂದು ಅವಳ ಮುಖ ಕೆಂಪಾಯಿತು.

*

ಆಂಗೆಲ್ ಅರಮನೆಯೊಳಗೆ ಹೋದದ್ದು ಒಂದೇ ಸಲ. ಅವನು ಮಿಲ್ಲಿನಿಂದ ನಿವೃತ್ತನಾದಾಗ ಲಿಯೊಂತಿನಾ ಮೇಲಿನವರ ಅಪ್ಪಣೆ ಪಡೆದು, ರಜೆಯ ಸೋಮವಾರ ಅವನೊಬ್ಬನನ್ನೇ ಕರೆದೊಯ್ದಿದ್ದಳು. ಮದುವೆಯ ಕೋಟು ಹಾಕಿಕೊಂಡು ಹೋಗಿದ್ದ. ನೆಲ ಗೀರದಿರಲೆಂದು ಬೂಟಿನ ಮೇಲೆ ಉಣ್ಣೆಯ ಚಪ್ಪಲಿ ಕಟ್ಟಿಸಿದಳು. ಬಾಗಿಲಲ್ಲಿ ನಿಂತು, "ಸ್ವಾಗತ ಮಹನೀಯರೇ," ಎಂದಳು. ಅವನು ನಕ್ಕ. ಅವಳು ನಗಲಿಲ್ಲ. ಕೆಲಸದಲ್ಲಿದ್ದಳು.

ಆಯುಧಗಳ ಕೋಣೆ, ಕನ್ನಡಿಗಳ ಕೋಣೆ, ಯಾರೂ ಓದದ ಪುಸ್ತಕಗಳ ಕೋಣೆ. ಅವಳು ಹಿಂದೆ ಹಿಂದೆ, ಅವನು ಮುಂದೆ ಮುಂದೆ. ಮದುವೆಯಾದ ಮೇಲೆ ಅಷ್ಟು ಹೊತ್ತು ಅವಳು ಅವನ ಮುಖ ನೋಡುತ್ತ ಮಾತಾಡಿದ್ದು ಅದೇ ಮೊದಲು. ಅವನು ಗೋಡೆ ನೋಡಲಿಲ್ಲ, ಅವಳನ್ನು ನೋಡಿದ. ಅರ್ಧ ಅರಮನೆ ದಾಟುವಷ್ಟರಲ್ಲಿ ಸೊಂಟ ಹಿಡಿಯಿತು. ಸಂಗೀತದ ಕೋಣೆಯಲ್ಲಿ, ಹಗ್ಗದ ಆಚೆ, ಕೆತ್ತನೆಯ ಕರಿಮರದ ಕುರ್ಚಿಯೊಂದಿತ್ತು. ಹಗ್ಗ ದಾಟಿ ಕೂರಲು ಬಗ್ಗಿದ.

"ದಯವಿಟ್ಟು ಕೂರಬೇಡಿ," ಎಂದಳು, ಅತಿಥಿಗಳಿಗೆ ಹೇಳುವ ದನಿಯಲ್ಲೇ.

ಅವನ ಮುಖ ಸಣ್ಣದಾಯಿತು. ಅದನ್ನು ಕಂಡು ಅವಳು ಹತ್ತಿರ ಬಂದು ಅವನ ಕೋಟಿನ ಗುಂಡಿ ಸರಿಮಾಡಿದಳು. "ನಾನೂ ಕೂತಿಲ್ಲ ಕಣೋ. ಮಗು ಹೊಟ್ಟೇಲಿದ್ದಾಗ್ಲೂ ಇದರ ಪಕ್ಕ ನಿಂತೇ ಇದ್ದೆ. ದಿನಾ ನೋಡ್ತಿದ್ದೆ ಇದನ್ನ." ಉಳಿಯದ ಆ ಮಗುವಿನ ಮಾತನ್ನು ಮನೆಯಲ್ಲಿ ಅವಳು ಎಂದೂ ಎತ್ತಿದವಳಲ್ಲ.

ಅವನು ಹಗ್ಗದ ಈಚೆಗೆ ಬಂದ. ಆಮೇಲೆ ಅವನು ಕೇಳಿದ, ರಾಜರು ಕೂರುತ್ತಿದ್ದರಾ ಎಂದು. ಇಲ್ಲ, ದೂರದ ಯಾರೋ ಉಡುಗೊರೆ ಕಳಿಸಿದ್ದು, ನೋಡಲು ಚೆಂದವೆಂದು ಇಟ್ಟುಕೊಂಡರು, ಯಾರೂ ಕೂತಿಲ್ಲ ಎಂದಳು.

"ಯಾರೂ ಕೂರದೆ ಇದ್ರೆ ಅದು ಕುರ್ಚಿ ಹೆಂಗಾಯ್ತು? ಸೌದೆ ಅದು."

ಆಗ ನಕ್ಕಳು. ಆ ದೊಡ್ಡ ಕೋಣೆಯಲ್ಲಿ ನಗು ಎಲ್ಲೆಲ್ಲಿಂದಲೋ ಕೇಳಿಸಿತು. "ಸತ್ತ ಮೇಲೆ ನಾನು ಮೊದಲು ಮಾಡೋದು ಕೂತ್ಕೊಳೋದು," ಎಂದಳು. "ಯಾರು ಬಂದು ಏಳು ಅಂದ್ರೂ ಏಳಲ್ಲ ನೋಡು."

*

ಮಣ್ಣು ಮುಚ್ಚಿ ಎಲ್ಲರೂ ಇಳಿದು ಬಂದರು. ಅಂಗಳದಲ್ಲಿ ಪ್ಲಮ್ ಮರದ ಆಚೆ, ಬಯಲಿನಲ್ಲಿ, ಉದ್ದನೆಯ ಹಲಗೆ ಮೇಜುಗಳನ್ನು ಹಾಕಿದ್ದರು. ಆಂಗೆಲ್ ಕೈ ತೊಳೆಯಲು ಬೇಲಿಯ ಪಕ್ಕದ ನಲ್ಲಿಗೆ ಹೋದವನು ಸವೇತಾಳ ತೆರೆದ ಕಿಟಕಿಯೊಳಗೆ ನೋಡಿದ.

ಅವಳ ಒಳ್ಳೆಯ ಕೋಣೆ ಅದು. ಎಲ್ಲರ ಮನೆಯಲ್ಲೂ ಒಂದಿರುತ್ತದೆ. ಕಸೂತಿಯ ದಿಂಬುಗಳನ್ನು ಸೂರಿನವರೆಗೆ ಪೇರಿಸಿಟ್ಟ, ಯಾರೂ ಮಲಗದ ಕೋಣೆ. ಅದರ ನಡುವೆ ಕುರ್ಚಿ ನಿಂತಿತ್ತು. ಕೂರುವ ಹಲಗೆಯ ಮೇಲೆ ಪ್ಲಾಸ್ಟಿಕ್ ಹಾಳೆ. ಅದರ ಮೇಲೆ ಕಸೂತಿಯ ಬಟ್ಟೆ, ಬಟ್ಟೆಯ ಮೇಲೆ ದೇವಮಾತೆಯ ಪಟ. ಒಂದು ತೋಳಿನಿಂದ ಇನ್ನೊಂದು ತೋಳಿಗೆ, ಬೆಕ್ಕು ಹತ್ತದಿರಲೆಂದು, ದಾನದ ಟವೆಲ್ಲನ್ನೇ ಅಡ್ಡ ಕಟ್ಟಿದ್ದಳು.

ನಲ್ಲಿಯ ನೀರು ಅವನ ಬೂಟಿನ ಮೇಲೆ ಸುರಿಯುತ್ತಿತ್ತು.

ಸವೇತಾ ಒಲೆಯ ಮುಂದೆ ಕೋಸಿನೆಲೆಯ ಸುರುಳಿಗಳನ್ನು ದೊಡ್ಡ ಸೌಟಿನಿಂದ ತಟ್ಟೆಗೆ ಹಾಕುತ್ತಿದ್ದಳು. ಅವನು ಹೋಗಿ, ಅದರ ಮೇಲೆ ಕೂರು ಎಂದ. ಯಾವುದರ ಮೇಲೆ ಎಂದಳು. ಕುರ್ಚಿಯ ಮೇಲೆ ಎಂದ.

"ಅಯ್ಯೋ, ಅಷ್ಟು ಚೆಂದದ್ದರ ಮೇಲೆ ನಾನ್ಯಾಕೆ ಕೂತ್ಕೊಳ್ಲಿ ಆಂಗೆಲಣ್ಣ? ಪಾದ್ರಿಗಳು ಮನೆಗೆ ಬಂದಾಗ ಹಾಕ್ತೀನಿ. ನಾನು ಸಾಯೋವರೆಗೂ ಹೊಸದಾಗೇ ಇರತ್ತೆ, ನೀನೇ ನೋಡ್ತೀಯ."

ಅವಳು ಹೇಳಿದ್ದು ಗೌರವಕ್ಕೆ. ನಮ್ಮಲ್ಲಿ ಯಾರೇ ಆದರೂ ಹಾಗೇ ಮಾಡುತ್ತಿದ್ದರು. ಆಂಗೆಲನ ಕಣ್ಣಿಗೆ ಮಾತ್ರ ಆ ಲೋಕದಲ್ಲಿ ಒಂದು ಕುರ್ಚಿ ಕಂಡಿತು, ಅದರ ತೋಳುಗಳ ನಡುವೆ ಅಡ್ಡಕಟ್ಟು, ಪಕ್ಕದಲ್ಲಿ ಕೈಕಟ್ಟಿ ನಿಂತ ಲಿಯೊಂತಿನಾ. ಅದನ್ನು ಅವನು ತಡವರಿಸುತ್ತ ಹೇಳಿದ. ನೀನು ಕೂರದಿದ್ದರೆ ಅಲ್ಲಿ ಅವಳಿಗೂ ಕೂರಲಾಗುವುದಿಲ್ಲ, ಕೊಟ್ಟುಬಿಟ್ಟಿದ್ದೇನೆ, ವಾಪಸು ತರುವ ಹಾಗೂ ಇಲ್ಲ, ಇನ್ನು ನಿನ್ನ ಕೈಲಿದೆ ಎಂದ.

ಸವೇತಾ ಸೌಟು ಹಿಡಿದುಕೊಂಡೇ ಕೇಳಿದಳು. ಅವಳ ಕಣ್ಣು ತುಂಬಿತು. ಆದರೆ ಅಂಗಳ ತುಂಬ ಜನ. "ಕೂತ್ಕೋತೀನಿ ಅಣ್ಣ, ಇಲ್ಲ ಅನ್ನಲ್ಲ. ಆದ್ರೆ ಈಗ ಹೆಂಗೆ? ಇಷ್ಟು ಬಾಯಿಗೆ ಬಡಿಸೋರು ಯಾರು? ಆಮೇಲೆ ಪಾತ್ರೆ, ಆಮೇಲೆ ಹಂದಿಗೆ ಹಾಕ್ಬೇಕು. ನಾಳೆ ಹೊಲ ಇದೆ. ಭಾನುವಾರ ನೋಡೋಣ."

ಅಷ್ಟರಲ್ಲಿ ಅರಮನೆಯ ಹುಡುಗಿ ರುಕ್ಸಾಂದ್ರಾ ಬಂದಳು. ಲಿಯೊಂತಿನಾ ನಿವೃತ್ತಳಾದ ಮೇಲೆ ಅವಳ ಜಾಗಕ್ಕೆ ಸೇರಿದವಳು. ಇವತ್ತು ಖಾಸಗಿ ಅತಿಥಿಗಳಿದ್ದರು, ತಪ್ಪಿಸಿಕೊಳ್ಳಲಾಗಲಿಲ್ಲ, ಮಣ್ಣಿಗೆ ಬರಲಾಗಲಿಲ್ಲ ಎಂದು ಕ್ಷಮೆ ಕೇಳಿದಳು. ವೆತೂರಿಯಾ ಬೆಂಚು ತೋರಿಸಿದಳು. ಹುಡುಗಿ ತಟ್ಟೆ ತೆಗೆದುಕೊಂಡು ಬೇಲಿಗೆ ಒರಗಿ ನಿಂತೇ ತಿನ್ನತೊಡಗಿದಳು. ಒಂದು ಕಾಲಿನ ಭಾರ ಇನ್ನೊಂದಕ್ಕೆ ಹಾಕುತ್ತ, ಆಮೇಲೆ ಮತ್ತೆ ಇದಕ್ಕೆ. ಆಂಗೆಲ್ ಅದನ್ನು ನೋಡುತ್ತ ನಿಂತ. ಆಮೇಲೆ ತಿರುಗಿ ಸವೇತಾಳ ಕೈಯಿಂದ ಸೌಟು ತೆಗೆದುಕೊಂಡ.

"ಭಾನುವಾರ ಅಲ್ಲ. ಈಗ. ಬಡಿಸೋದು ನಾನು."

ಹೆಂಡತಿಯನ್ನು ಮಣ್ಣು ಮಾಡಿ ಬಂದ ಗಂಡಸು ಸೌಟು ಹಿಡಿದದ್ದನ್ನು ನಮ್ಮೂರು ಕಂಡಿರಲಿಲ್ಲ. ಅವನು ಮೇಜಿನ ತುದಿಯಲ್ಲಿ ಕೂರಬೇಕು, ಬಂದವರು ಅವನ ಭುಜ ಮುಟ್ಟಬೇಕು. ವೆತೂರಿಯಾ ಓಡಿ ಬಂದಳು. ಜನ ಏನಂತಾರೋ ಎಂದಳು. ಮಾಲಿ ಮೇಜಿನಿಂದಲೇ, ಅಂತಾರೆ, ಉಪ್ಪು ಜಾಸ್ತಿ ಅಂತಾರೆ ಎಂದ. ಆಂಗೆಲ್ ಎರಡು ತಟ್ಟೆ ತುಂಬಿ ಹೊರಟ. ಒಂದು ಸುರುಳಿ ಜಾರಿ ಪಾದ್ರಿಗಳ ನಿಲುವಂಗಿಯ ಮೇಲೆ ಬಿತ್ತು. ಅವರು ಬೆರಳಿಂದ ಎತ್ತಿ ತಿಂದು, ಇನ್ನೊಂದು ಹಾಕು ಮಗನೇ ಎಂದರು. ವೆತೂರಿಯಾ ತಮ್ಮನನ್ನೊಮ್ಮೆ ನೋಡಿದಳು. ಬೈಯುತ್ತಲೇ ಬ್ರೆಡ್ಡಿನ ಬುಟ್ಟಿ ಎತ್ತಿಕೊಂಡು ಅವನ ಹಿಂದೆ ನಡೆದಳು.

ಸವೇತಾ ತನ್ನ ಮನೆಗೆ ಹೋಗಿ ಕುರ್ಚಿ ತಂದಳು. ತಾನೇ ಹೊತ್ತು ತಂದಳು, ಯಾರಿಗೂ ಮುಟ್ಟಲು ಬಿಡಲಿಲ್ಲ. ಪಟ, ಬಟ್ಟೆ, ಪ್ಲಾಸ್ಟಿಕ್, ಟವೆಲ್ಲು ಯಾವುದೂ ಈಗ ಇರಲಿಲ್ಲ. ಅಂಗಳದ ನಡುವೆ ಇಟ್ಟು, ಅದರ ತುದಿಯಲ್ಲಿ, ಪರರ ಮನೆಗೆ ಬಂದವಳ ಹಾಗೆ ಕೂತಳು. ಎಲ್ಲರೂ ನೋಡುತ್ತಿದ್ದುದರಿಂದ ನಾಚಿಕೆಯಾಗಿ ಲಂಗದ ಹಿಟ್ಟು ಕೊಡವಿಕೊಂಡಳು. ಆಂಗೆಲ್ ತಟ್ಟೆ ಹಿಡಿದು ಹಾದುಹೋಗುವಾಗ, ಒರಗಿಕೋ ಎಂದ. ಒರಗಿದಳು. ಮತ್ತೆ ಬರುವಾಗ ನೋಡಿದರೆ ಬೂಟು ಕಳಚಿದ್ದಳು. ಊದಿದ ಪಾದಗಳು ಹುಲ್ಲಿನ ಮೇಲಿದ್ದವು, ಬಿಳಿಚಿಕೊಂಡು, ಬೂಟಿನ ಹೊಲಿಗೆಯ ಅಚ್ಚು ಹೊತ್ತು.

ಜನ ತಿಂದರು. ಬೇಯಿಸಿದ ಗೋಧಿಯ ಸಿಹಿ ಹಂಚಿಯಾಯಿತು. ಪ್ಲಮ್ ಹಣ್ಣಿನ ಸಾರಾಯಿಯ ಮೊದಲ ತೊಟ್ಟನ್ನು ಲಿಯೊಂತಿನಾಳಿಗೆಂದು ನೆಲಕ್ಕೆ ಚೆಲ್ಲಿದರು. ಮಾತು ಏರಿತು, ಬೆಲೆಗಳ ಮಾತು, ಕರಡಿ ಜೋಳ ತಿಂದ ಮಾತು. ಅಷ್ಟರಲ್ಲಿ ರುಕ್ಸಾಂದ್ರಾ ಬೆರಳಿಂದ ತೋರಿಸಿದಳು. ಸವೇತಾಳ ಕತ್ತು ಒಂದು ಕಡೆ ವಾಲಿತ್ತು. ಬಾಯಿ ತೆರೆದಿತ್ತು. ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು.

ಮೇಜುಗಳ ಮೇಲಿನ ಮಾತು ಒಂದೊಂದಾಗಿ ತಗ್ಗಿತು. ಹೊರಡುವವರು ಹೇಳದೆಯೇ ಹೊರಟರು, ಗೇಟಿನ ಅಗುಳಿಯನ್ನು ಕೈಯಲ್ಲಿ ಹಿಡಿದು ಸದ್ದಾಗದಂತೆ ಇಳಿಸಿದರು.

ಬಿಸಿಲು ಪ್ಲಮ್ ಮರವನ್ನು ದಾಟಿ ಸವೇತಾಳ ಮುಖಕ್ಕೆ ಬಂತು. ಅವಳು ನಿದ್ದೆಯಲ್ಲೇ ಹುಬ್ಬು ಗಂಟಿಕ್ಕಿದಳು. ಆಂಗೆಲ್ ಕೈಯಲ್ಲಿದ್ದ ಸೌಟು ಹಾಗೇ ಹಿಡಿದುಕೊಂಡು ಬಂದು, ಅವಳಿಗೂ ಸೂರ್ಯನಿಗೂ ನಡುವೆ ನಿಂತ. ಅವನ ನೆರಳು ಅವಳ ಕಣ್ಣ ಮೇಲೆ ಬಿತ್ತು, ಗಂಟು ಬಿಚ್ಚಿತು. ಕೂತ್ಕೋ ಬಾರೋ ಎಂದು ವೆತೂರಿಯಾ ದೂರದಿಂದ ಕೈಸನ್ನೆ ಮಾಡಿದಳು. ಅವನು ಬೇಡವೆಂದು ತಲೆಯಾಡಿಸಿದ. ಸೂರ್ಯ ಸರಿದ ಹಾಗೆಲ್ಲ ಅವನೂ ಒಂದೊಂದೇ ಹೆಜ್ಜೆ ಪಕ್ಕಕ್ಕೆ ಸರಿಯುತ್ತ ನಿಂತ.