ತೂತೂ ಇದೆ, ಗಡ್ಡೆಯೂ ಇದೆ

ರಾಜಗೋಪಾಲನಗರದ ಮುನಿಯಕ್ಕನ ಮೊಮ್ಮಗಳು ಹಾಲಿಗೆ ಬಾಯಿ ಇಟ್ಟರೆ ಸಾಕು, ಹಣೆಯೆಲ್ಲ ಬೆವರು. ಎರಡು ಗುಟುಕಿಗೇ ಸುಸ್ತು. ಅತ್ತರೆ ನೇರಳೆ ಹಣ್ಣು ತಿಂದಂಥ ತುಟಿ. ದೃಷ್ಟಿಯಾಗಿದೆ ಎಂದು ಮುನಿಯಕ್ಕ ಮೆಣಸಿನಕಾಯಿ ಸುಟ್ಟಳು. ಆ ಘಾಟಿಗೆ ಮಗು ಇನ್ನಷ್ಟು ಏದುಸಿರು ಬಿಟ್ಟಿತು.

ಸೊಸೆ ಲಾವಣ್ಯ ಮಗುವನ್ನು ಎತ್ತಿಕೊಂಡು ಡಾಕ್ಟರ ಹತ್ತಿರ ಓಡಿದಳು. ಹೃದಯದಲ್ಲಿ ತೂತಿರಬಹುದು ಎಂದರು ಅವರು. ದೊಡ್ಡಾಸ್ಪತ್ರೆಯಲ್ಲಿ ಹೃದಯದ ಎಕೋ ಸ್ಕ್ಯಾನ್ ಮಾಡಿದವರು, ತೂತಿನ ಜೊತೆ ಗಡ್ಡೆಯೂ ಇದೆ, ಸೋಮವಾರ ಮತ್ತೆ ಬನ್ನಿ ಎಂದರು. ಮುನಿಯಕ್ಕನಿಗೆ ತಲೆ ಗಿರ್ರೆಂದಿತು.

"ಒಬ್ರು ತೂತು ಅಂತಾರೆ, ಇನ್ನೊಬ್ರು ಗಡ್ಡೆ ಅಂತಾರೆ. ಅವ್ರಿಗೇ ಗೊತ್ತಿಲ್ಲ ಕಣಮ್ಮಿ. ಓಗೋದು ಬ್ಯಾಡ."

ಮಗ ರಾಜೇಂದ್ರ ಪೀಣ್ಯದ ಫೌಂಡ್ರಿಯಲ್ಲಿ ಕಬ್ಬಿಣ ಕರಗಿಸಿ ಎರಕ ಹೊಯ್ಯುವವನು. "ಎರಕದಲ್ಲಿ ತೂತು ಬಿದ್ರೆ ನಾವು ಮೆತ್ತಿ ಮುಚ್ಚಲ್ವಾ? ಅಂಗೇ ತೂತಿಗೆ ಗಡ್ಡೆ ಅಡ್ಡ ಕೂತೈತೆ. ದೇವ್ರೇ ಮುಚ್ಚವ್ನೆ ಬಿಡಮ್ಮ."

ಆ ಮಾತು ಎಷ್ಟು ಹಿತವಾಯಿತೆಂದರೆ, ಆಸ್ಪತ್ರೆಗೆಂದು ಕಟ್ಟಿದ್ದ ಚೀಲವನ್ನು ಮುನಿಯಕ್ಕ ಬಿಚ್ಚಿಯೇಬಿಟ್ಟಳು.

ಚುಚ್ಚುಮದ್ದಿನ ವಿಷಯ ಹೇಳಲು ಬಂದ ನರ್ಸ್ ಶೈಲಜಾ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು.

"ರಾಜಣ್ಣ, ಒಂದೇ ಎರಕದಲ್ಲಿ ಒಂದ್ಕಡೆ ತೂತು, ಇನ್ನೊಂದ್ಕಡೆ ಉಬ್ಬು ಬರಲ್ವಾ?"

"ಬರ್ತದೆ ಸಿಸ್ಟರ್."

"ಆ ಉಬ್ಬು ಎದ್ದು ಹೋಗಿ ತೂತಿನ ಮೇಲೆ ಕೂತ್ಕೊಳ್ಳುತ್ತಾ?"

ಅಳುತ್ತಿದ್ದ ಲಾವಣ್ಯಳಿಗೂ ನಗು ಬಂತು.

"ಇಬ್ರು ಡಾಕ್ಟ್ರೂ ನಿಜಾನೇ ಹೇಳಿದಾರೆ," ಎಂದರು ಶೈಲಜಾ. " ಕೆಲವು ಮಕ್ಕಳಿಗೆ ಹುಟ್ಟುತ್ತಲೇ ಹೃದಯದಲ್ಲಿ ತೂತಿರುತ್ತೆ. ಅಪರೂಪಕ್ಕೆ ಜೊತೇಲಿ ಗಡ್ಡೆಯೂ ಇರುತ್ತೆ. ರಕ್ತದ ದಾರಿಗೆ ಅದು ಅಡ್ಡ ಬಂದ್ರೆ ಜೀವಕ್ಕೇ ಅಪಾಯ."

"ಅಯ್ಯೋ, ಕ್ಯಾನ್ಸರ್ರಾ?" ಮುನಿಯಕ್ಕ ಎದೆ ಹಿಡಿದುಕೊಂಡಳು.

"ಎಲ್ಲ ಗಡ್ಡೆಯೂ ಕ್ಯಾನ್ಸರ್ ಅಲ್ಲ ಮುನಿಯಕ್ಕ. ಮಕ್ಕಳ ಹೃದಯದ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಕೆಲವು ತಾನಾಗೇ ಕರಗ್ತವೆ, ಕೆಲವಕ್ಕೆ ಆಪರೇಷನ್ ಬೇಕು. ನಿಮ್ಮ ಪಾಪುದ್ದು ಯಾವುದು ಅಂತ ಆಗಾಗ ಸ್ಕ್ಯಾನ್ ಮಾಡಿದ್ರೇನೇ ಗೊತ್ತಾಗೋದು."

"ಕರಗೋದಾದ್ರೆ ಓಗೋದ್ಯಾಕೆ? ಕರಗ್ದಿದ್ರೆ ಕಾಯೋದ್ಯಾಕೆ? ನಂಗೊಂದೂ ತಿಳೀತಿಲ್ಲ ಕಣವ್ವ."

"ಪರವಾಗಿಲ್ಲ. ಇದನ್ನೇ ಹೋಗಿ ಡಾಕ್ಟ್ರನ್ನ ಕೇಳಿ."

ಸೋಮವಾರ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಸ್‌ಸ್ಟಾಪಿನಲ್ಲಿ ನಿಂತಿದ್ದವಳು ಮುನಿಯಕ್ಕನೇ.

"ಈಗ ಅರ್ಥ ಆಯ್ತೇನಮ್ಮ?" ಮಗ ರೇಗಿಸಿದ.

"ಎಲ್ಲಿ ಅರ್ಥ ಆಯ್ತೋ? ಅದ್ಕೇ ಓಗ್ತಿರೋದು!"

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕಂದ ಹಾಲು ಕುಡಿಯುವಾಗ ಬೆವರಿದರೆ, ಏದುಸಿರು ಬಿಟ್ಟರೆ, ತುಟಿ ನೀಲಿಗಟ್ಟಿದರೆ ಮೆಣಸಿನಕಾಯಿ ಸುಡುತ್ತಾ ಕೂರಬೇಡಿ. ಒಂದು ತೊಂದರೆ ಸಿಕ್ಕರೆ ಇನ್ನೊಂದು ಇಲ್ಲವೆಂದಲ್ಲ, "ಬೇರೇನಾದರೂ ಇದೆಯಾ?" ಎಂದು ಬಾಯಿ ಬಿಟ್ಟು ಕೇಳಿ. ಬರಹೇಳಿದ ದಿನ ತಪ್ಪಿಸಬೇಡಿ. ತಲೆ ಗಿರ್ರೆಂದರೂ ಸರಿ, ಮಗುವನ್ನು ಎತ್ತಿಕೊಂಡು ಹೊರಡಿ.